ನನ್ನ ಕ್ಲಾರಿಯೊನೆಟ್ಟಿನ ಶ್ರುತಿ

ಮದ್ದೂರಿನಲ್ಲಿ ನಮ್ಮದು ಮದುವೆ ದಿಬ್ಬಣಗಳಿಗೆ ಬಾರಿಸುವ ಸಣ್ಣ ಬ್ಯಾಂಡು. ಅಣ್ಣ ಮತ್ತು ನಾನು ಅದರಲ್ಲಿ ಜೋಡಿಯಾಗಿ ಕ್ಲಾರಿಯೊನೆಟ್ ಊದುತ್ತಿದ್ದೆವು. ಯುದ್ಧದ ಕಾಲ, ಹೊಸ ವಾದ್ಯ ಸಿಗುತ್ತಿರಲಿಲ್ಲ. ನನಗೆ ಮೈಸೂರಿನಿಂದ ತಂದ ಹಳೆಯದೊಂದು ಸಿಕ್ಕಿತ್ತು. ಆದರೂ ಇಬ್ಬರೂ ಊದಿದರೆ ಒಂದೇ ವಾದ್ಯದಂತೆ ಕೇಳಿಸುತ್ತಿತ್ತು. ನನ್ನ ಕೈ ಚೆನ್ನಾಗಿ ಪಳಗಿದೆ ಎಂದು ನಾನು ಬೀಗುತ್ತಿದ್ದೆ.

ಯುದ್ಧ ಮುಗಿದ ವರ್ಷ ಅಣ್ಣ ವಿಷಮಶೀತ ಜ್ವರದಲ್ಲಿ ತೀರಿಕೊಂಡ. ಮೂರು ತಿಂಗಳ ಮೇಲೆ ಮಳವಳ್ಳಿಯ ಒಂದು ಮದುವೆಗೆ, ಅವನ ಜಾಗದಲ್ಲಿ ಊದಲು ಮಂಡ್ಯದಿಂದ ಹಿರಿಯರೊಬ್ಬರು ಬಂದರು. ಚಪ್ಪರದ ಹಿಂದೆ ಕೂತು ಶ್ರುತಿ ನೋಡಿಕೊಂಡೆವು. ಎರಡು ಸಾಲು ಊದುವಷ್ಟರಲ್ಲಿ ಅವರು ನಿಲ್ಲಿಸಿಬಿಟ್ಟರು.

“ನಿನ್ ಮೇಲಿನ ಸ್ವರವೆಲ್ಲ ಸುರುತಿ ಮೀರಿ ಏರ್ತವಲ್ಲಲಾ! ಯಾರೂ ಯೋಳ್ನಿಲ್ವಾ?”

ಶ್ರುತಿ ಇಳಿಸಲು ನನ್ನ ವಾದ್ಯದ ತುಂಡುಗಳು ಸೇರುವ ಕೀಲನ್ನು ಕೊಂಚ ಹೊರಗೆಳೆದು ಊದಿ ನೋಡಿದರು. ಮೇಲಿನ ಸ್ವರ ಸರಿಹೋದರೆ ಕೆಳಗಿನದು ಕೆಡುತ್ತಿತ್ತು.

“ಅಣ್ಣನ ಜೊತೆ ಸರಿಯಾಗೇ ಕೂಡ್ತಿತ್ತು” ಎಂದೆ.

“ಅಂಗಾರೆ ನಿಮ್ಮಣ್ಣನೇ ತುಟಿ ಬಿಗಿ ಮಾಡ್ಕಂಡು ನಿನ್ ಸುರುತಿಗೆ ಏರುಸ್ತಿದ್ದ ಕಣ್ಲಾ” ಎಂದರು.

ಆ ಮದುವೆಯಲ್ಲಿ ಮೇಲಿನ ಸ್ವರ ಬಂದಾಗಲೆಲ್ಲ ನಾನು ಸುಮ್ಮನಾದೆ. ಮನೆಗೆ ಬಂದು ಅತ್ತಿಗೆಯನ್ನು ಕೇಳಿದೆ.

“ನಂಗೊತ್ತಿತ್ತು ಕಣಪ್ಪ” ಎಂದರು ಅತ್ತಿಗೆ. “ತುಟಿ ಒಡ್ದು ಬೆಣ್ಣೆ ಅಚ್ಕತಿದ್ರು. ನಿಂಗೆ ಯೋಳ್ಬ್ಯಾಡ ಅಂದಿದ್ರು. ಯೋಳುದ್ರೆ ಅವ್ನು ಊದೋದೇ ಬುಟ್ಬುಡ್ತಾನೆ ಅಂತ.”

ಆ ಒಡೆದ ತುಟಿಯನ್ನು ನಾನೂ ನೋಡಿದ್ದೆ. ಚಳಿಗೆ ಒಡೆದಿರಬೇಕು ಎಂದುಕೊಂಡು ಒಂದು ದಿನವೂ ಕೇಳಿರಲಿಲ್ಲ.