ವೆರ್ನಾ ಪೆನ್‌ಹಾಲ್ ಬಿಚ್ಚಿದ ಹೀಟರು

ಕಾರಿನ ಒಳಭಾಗ ಬಿಚ್ಚುವುದರಲ್ಲಿ ವೆರ್ನಾ ಪೆನ್‌ಹಾಲ್‌ಳನ್ನು ಮೀರಿಸುವವರು ಅಡಿಲೇಡಿನ ಉತ್ತರ ಬಡಾವಣೆಗಳಲ್ಲಿ ಇರಲಿಲ್ಲ. ಇಪ್ಪತ್ತೇಳು ವರ್ಷ ಕಾರು ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿದವಳು. ಯಾವ ಪ್ಲಾಸ್ಟಿಕ್ ಪಟ್ಟಿ ಎಲ್ಲಿ ಕೊಕ್ಕೆ ಹಾಕಿಕೊಂಡು ಕೂತಿದೆ, ಕಾರ್ಪೆಟ್ಟನ್ನು ಯಾವ ಮೂಲೆಯಿಂದ ಎಳೆದರೆ ಹರಿಯದೆ ಎದ್ದು ಬರುತ್ತದೆ ಎನ್ನುವುದೆಲ್ಲ ಅವಳ ಬೆರಳಿಗೇ ಗೊತ್ತಿತ್ತು. ಕಾರ್ಖಾನೆ ಬಾಗಿಲು ಹಾಕಿದ ವರ್ಷ ಅವಳಿಗೆ ಐವತ್ತೆಂಟು. ಮದುವೆಯಾಗಿರಲಿಲ್ಲ. ಬೆಳಗಿನ ಹೊತ್ತು ಬಲಗೈಯ ಮೂರು ಬೆರಳು ಜೋಮು ಹಿಡಿಯುತ್ತಿದ್ದವು. ಕೆಲಸ ಹುಡುಕಿಕೊಡುವ ಕಚೇರಿಯ ಹುಡುಗಿ ಮೂರು ಸಲವೂ "ಕಂಪ್ಯೂಟರ್ ಬರುತ್ತಾ?" ಎಂದೇ ಕೇಳಿದ ಮೇಲೆ ಆ ಕಡೆ ಕಾಲು ಹಾಕುವುದನ್ನೇ ಬಿಟ್ಟಳು. ಹಗಲೆಲ್ಲ ಕಿಟಕಿಯ ಪರದೆ ಎಳೆದುಕೊಂಡು ಟೀವಿಯ ಮುಂದೆ ಕೂತಿರುತ್ತಿದ್ದಳು.

ಅವಳನ್ನು ಅಲ್ಲಿಂದ ಎಬ್ಬಿಸಿದವನು ತಮ್ಮ ಲಯಲ್. ಡೊಂಕಾದ ಕಾರಿನ ಮೈ ನೆಟ್ಟಗೆ ಮಾಡುವ ಅಂಗಡಿ ಅವನದು. ತಿಂಗಳಿಗೊಂದು ಭಾನುವಾರ ಹಳೆಯ ಕಾರುಗಳ ಪಂದ್ಯದಲ್ಲಿ ಓಡಿಸುವುದು ಅವನ ಹುಚ್ಚು.

"ಏನೇ, ಸೋಫಾಗೆ ಬೇರು ಬಿಟ್ಕೊಂಡಿದೀಯಾ? ಏಳು. ಪಂದ್ಯಕ್ಕೆ ಹಗುರ ಮಾಡೋಕೆ ಒಂದು ಕಾರಿನ ಚರ್ಮ ಸುಲೀಬೇಕು," ಎಂದ.

ಆ ಕಾರಿನ ಸೀಟುಗಳನ್ನು ಹೊರಗೆ ತಂದಿಟ್ಟಾಗ ಹೊಲಿಗೆಯ ತುದಿ ನೋಡಿಯೇ ವೆರ್ನಾ, "ಇದು ನಮ್ಮ ಕಾರ್ಖಾನೇಲಿ ನಮ್ಮ ಸಾಲಿನವರು ಹೊಲಿದದ್ದೇ ಕಣೋ," ಎಂದಳು. ಬೇಜಾರೇನೂ ಆಗಲಿಲ್ಲ. ಬದಲಿಗೆ ಎಷ್ಟೋ ತಿಂಗಳ ಮೇಲೆ ಮಧ್ಯಾಹ್ನ ಚೆನ್ನಾಗಿ ಹಸಿವಾಯಿತು. ಕಾರ್ಪೆಟ್, ಚಾವಣಿಯ ಬಟ್ಟೆ, ಬಾಗಿಲಿನ ಒಳಹೊದಿಕೆ ಎಲ್ಲ ಕಳಚಿದಳು. ಸದ್ದು ತಡೆಯಲೆಂದು ಕಾರಿನ ನೆಲಕ್ಕೆ ಅಂಟಿಸಿದ್ದ ಡಾಂಬರಿನ ಹಾಳೆಯ ಮೇಲೆ ಒಣ ಮಂಜುಗಡ್ಡೆ ಸುರಿದು, ಹಾಳೆ ಪೆಡಸಾದ ಮೇಲೆ ಸುತ್ತಿಗೆಯಿಂದ ಕುಟ್ಟಿ ಚಕ್ಕೆಚಕ್ಕೆಯಾಗಿ ಎಬ್ಬಿಸಿದಳು. ಒಂದೊಂದನ್ನೂ ಮೀನು ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿ ಲಯಲ್ ತೂಕ ಕೂಗಿ ಹೇಳುತ್ತಿದ್ದ. ಒಟ್ಟು ತೊಂಬತ್ತೊಂದು ಕಿಲೋ ಇಳಿದಿತ್ತು. ಇಬ್ಬರೂ ಅಂಗಡಿಯ ಹಿಂದಿನ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಮಾಂಸ ತುಂಬಿದ ಬಿಸಿ ಪಾಸ್ಟಿ ಕಡುಬು ತಿಂದರು.

ಅಲ್ಲಿಂದ ಎರಡು ವರ್ಷ ಅವಳ ಪಂದ್ಯದ ಭಾನುವಾರಗಳೆಲ್ಲ ಓಟದ ಅಂಗಳದಲ್ಲೇ ಕಳೆದವು. ಪಕ್ಕದ ಡೇರೆಯಲ್ಲಿ ಡೀನ್ ಶಿರ್ಮರ್ ಎಂಬ ಕೊಳಾಯಿ ಕೆಲಸದವನಿರುತ್ತಿದ್ದ. ಲಯಲ್‌ಗೆ ಅವನೇ ಎದುರಾಳಿ, ಸ್ಪ್ಯಾನರ್ ಬೇಕಾದಾಗ ಕೊಡುವವನೂ ಅವನೇ. "ಬಾ ವೆರ್ನಾ, ನಿನ್ನ ತಮ್ಮನ್ನ ಸೋಲಿಸೋ ಮುಂಚೆ ನಿಂಗೊಂದು ಚಹಾ ಕೊಡ್ತೀನಿ," ಎಂದು ಫ್ಲಾಸ್ಕಿನಿಂದ ಬಗ್ಗಿಸಿ ಕೊಡುತ್ತಿದ್ದ.

ಜೂನ್ ತಿಂಗಳ ಪಂದ್ಯದಲ್ಲಿ ಲಯಲ್ ಅರ್ಧ ಸೆಕೆಂಡಿನಿಂದ ಡೀನ್‌ಗೆ ಸೋತ. ಮಾರನೆಯ ದಿನವೇ ಶೆಡ್ಡಿಗೆ ಬಂದು ಕಾರಿನೊಳಗೆ ತಲೆ ಹಾಕಿದ.

"ಇನ್ನೇನು ಉಳಿದಿದೆ ಇದರೊಳಗೆ?"

"ನಿನ್ನ ಹೊಟ್ಟೆ," ಎಂದಳು ವೆರ್ನಾ.

ಅವನು ನಗಲಿಲ್ಲ. "ಹೀಟರ್ ತೆಗಿ. ಪೆಟ್ಟಿಗೆ, ಫ್ಯಾನು, ಕೊಳವೆ, ಎಲ್ಲ."

"ಅದು ಬೇಡ ಕಣೋ. ಮಳೆ ಬಂದ್ರೆ ಗಾಜು ಮಂಜಾಗುತ್ತೆ. ಗಾಜು ಒಣಗಿಸೋಕೆ ಏನಾದ್ರೂ ಇರಲೇಬೇಕು ಅಂತ ಪಂದ್ಯ ನಡೆಸೋ ಕ್ಲಬ್ಬಿನವರ ನಿಯಮಾನೂ ಇದೆ."

"ಒಳಗಿಂದ ಸಾಬೂನು ಸವರಿದ್ರೆ ಆಯ್ತು. ಯಾರು ಬಗ್ಗಿ ನೋಡ್ತಾರೆ? ಆರು ಕಿಲೋ ಇರುತ್ತೆ ಅದು. ನೀನು ತೆಗೀತೀಯೋ, ಇಲ್ಲ ನಾನೇ ಕಿತ್ತು ಬಿಸಾಕ್ಲೋ?"

ಅವನು ಕಿತ್ತರೆ ವೈರುಗಳೆಲ್ಲ ಹರಿದುಹೋಗುತ್ತವೆ ಎಂದು ವೆರ್ನಾಳೇ ತೆಗೆದಳು. ಡ್ಯಾಶಿನ ಕೆಳಗೆ ಬೆನ್ನು ಕೊಟ್ಟು ಮಲಗಿ, ಒಂದೂ ವೈರು ತುಂಡಾಗದಂತೆ ಮೂರು ಗಂಟೆ ಕೆಲಸ ಮಾಡಿದಳು. ತೂಗಿದಾಗ ಆರು ಕಿಲೋ ನಾನೂರು ಗ್ರಾಂ ಇತ್ತು. ಲಯಲ್ ಅವಳ ಭುಜ ತಟ್ಟಿದ.

ಜುಲೈ ಪಂದ್ಯದ ಭಾನುವಾರ ಬೆಳಗಿನಿಂದ ಚಳಿಗಾಲದ ಸೋನೆ ಹಿಡಿದಿತ್ತು. ವೆರ್ನಾ ಗಾಜಿನ ಒಳಬದಿಗೆ ಎರಡು ಸಲ ಸಾಬೂನು ಸವರಿ ಒರೆಸಿದಳು. "ಇವತ್ತು ಬೇಡ ಬಿಡೋ," ಎಂದು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಹೆಲ್ಮೆಟ್ ಹಾಕಿಕೊಂಡಾಗಿತ್ತು.

ನಾಲ್ಕನೆಯ ಸುತ್ತಿನಲ್ಲಿ ಅವನ ಕಾರು ಅವಳ ಮುಂದೆ ಹಾದುಹೋದಾಗ ಗಾಜು ಒಳಗಿನಿಂದ ಹಾಲು ಬಳಿದಂತೆ ಬೆಳ್ಳಗಾಗಿತ್ತು. ಅದರ ಹಿಂದೆ ಒಂದು ಗ್ಲೋವ್ಸಿನ ಕೈ ಉಜ್ಜುವುದು ಕಾಣಿಸಿತು. ಆಚೆ ತಿರುವಿನಲ್ಲಿ ಡೀನ್‌ನ ಕಾರು ಜಾರಿ ಗಿರಕಿ ಹೊಡೆದು ಅಡ್ಡಲಾಗಿ ನಿಂತುಬಿಟ್ಟಿತ್ತು. ಹಳದಿ ಬಾವುಟ ಬೀಸುತ್ತಿದ್ದರು. ಮುಂದಿನವರೆಲ್ಲ ನಿಧಾನಿಸಿ ಪಕ್ಕಕ್ಕೆ ಹೋದರು. ಲಯಲ್ ಮಾತ್ರ ನೇರ ಡೀನ್‌ನ ಬಾಗಿಲಿಗೇ ಹೋಗಿ ಗುದ್ದಿದ.

ಲಯಲ್‌ನ ಮಣಿಕಟ್ಟು ಮುರಿಯಿತು. ಡೀನ್‌ನನ್ನು ಕಾರು ಕತ್ತರಿಸಿ ಹೊರಗೆ ತೆಗೆಯಲು ಐವತ್ತು ನಿಮಿಷ ಹಿಡಿಯಿತು. ವಾರದ ಕೊನೆಗೆ ಅವನ ಎಡಗಾಲನ್ನು ತೊಡೆಯ ನಡುವಿನಿಂದ ತೆಗೆದರು.

ಆಗಸ್ಟಿನಲ್ಲಿ ಕ್ಲಬ್ಬಿನವರು ವಿಚಾರಣೆಗೆ ಕರೆದರು. ಮೇಜಿನ ಹಿಂದೆ ಮೂವರು, ಈಚೆ ಅಕ್ಕ ತಮ್ಮ. ಹೀಟರ್ ಯಾಕೆ ಇರಲಿಲ್ಲ ಎಂದು ಕೇಳಿದರು.

ಲಯಲ್ ತನ್ನ ಕೈಯ ಪಟ್ಟಿಯನ್ನೇ ನೋಡುತ್ತ, "ಒಳಗಿನ ಕೆಲಸ ಪೂರ್ತಿ ಅಕ್ಕಂದು. ಅವಳು ಅದನ್ನ ತೆಗೆದಿದ್ದು ನಂಗೆ ಗೊತ್ತಿರಲಿಲ್ಲ," ಎಂದ.

ಮೂವರೂ ವೆರ್ನಾಳ ಕಡೆ ತಿರುಗಿದರು. ನಿಜ ಹೇಳಿದರೆ ತಮ್ಮನ ಪಂದ್ಯದ ಪರವಾನಗಿ ಹೋಗುತ್ತದೆ ಎನ್ನುವುದು ಆಮೇಲೆ ಹೊಳೆದ ಮಾತು. ಆ ಗಳಿಗೆಯಲ್ಲಿ ಇದ್ದದ್ದು ಇಷ್ಟೇ: ಪರರ ಎದುರು ಒಡಹುಟ್ಟಿದವನನ್ನು ಸುಳ್ಳ ಎನ್ನಲು ನಾಲಿಗೆ ಏಳಲಿಲ್ಲ. "ಹೌದು, ನಾನೇ ತೆಗೆದದ್ದು," ಎಂದಳು. ಅವಳು ಇನ್ನು ಪಂದ್ಯದ ಯಾವ ಕಾರನ್ನೂ ಮುಟ್ಟಬಾರದೆಂದು ಬರೆದುಕೊಂಡರು. ಲಯಲ್‌ಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಮನೆಗೆ ಬರುವ ದಾರಿಯಲ್ಲಿ ಅವನು ರೇಡಿಯೋ ಹಾಕಿದ.

ಸೆಪ್ಟೆಂಬರಿನಲ್ಲಿ ವೆರ್ನಾ ಬಸ್ಸು ಹತ್ತಿ ಡೀನ್ ಇದ್ದ ಆಸ್ಪತ್ರೆಗೆ ಹೋದಳು. ಅವನ ಹೆಂಡತಿ ರೇಲೀನ್ ಬಾಗಿಲಲ್ಲೇ ಇದ್ದಳು. ಡೀನ್ ಹಾಸಿಗೆಯಲ್ಲೇ ವೆರ್ನಾಳ ಕಡೆ ತಿರುಗಿದ.

"ನಿನ್ನ ತಮ್ಮ ಬಂದಿದ್ದ. ಹೀಟರ್ ತೆಗೆದವಳು ನೀನಂತೆ?"

"ಕೈ ನಂದೇ," ಎಂದಳು ವೆರ್ನಾ.

"ಹಾಗಾದ್ರೆ ತಲೆ ಯಾರದು?" ಎಂದಳು ರೇಲೀನ್ ಥಟ್ಟನೆ.

ವೆರ್ನಾ ತಮ್ಮನ ಹೆಸರು ಹೇಳಬಹುದಿತ್ತು. ಆದರೆ ಹೇಳಿದ ಕೂಡಲೇ ತಾನು ಸ್ವಲ್ಪ ಹಗುರಾಗಿ ಬಸ್ಸು ಹತ್ತುತ್ತೇನೆ, ಇವನು ಇಲ್ಲೇ ಹೀಗೇ ಮಲಗಿರುತ್ತಾನೆ ಅನ್ನಿಸಿತು. ಜೊತೆಗೆ, ಬೇಡ ಎಂದು ಒಮ್ಮೆ ಹೇಳಿ ಆಮೇಲೆ ಸ್ಪ್ಯಾನರ್ ಎತ್ತಿಕೊಂಡವಳು ತಾನೇ ತಾನೆ?

"ಹೋಗು ವೆರ್ನಾ," ಎಂದ ಡೀನ್, ಗೋಡೆಯ ಕಡೆ ತಿರುಗಿಕೊಂಡು. ಒರಟಾಗಿ ಏನೂ ಹೇಳಲಿಲ್ಲ.

ನವೆಂಬರಿನಲ್ಲಿ ಲಯಲ್ ಟ್ರೇಲರಿನ ಮೇಲೆ ಇನ್ನೊಂದು ಕಾರು ಹೇರಿಕೊಂಡು ಅವಳ ಮನೆಯ ಮುಂದೆ ನಿಂತ.

"ಬರೀ ಕಾರ್ಪೆಟ್ಟು, ಚಾವಣಿ ಬಿಚ್ಚಿಕೊಡು. ಬಿಚ್ಚಿದ್ದು ನೀನು ಅಂತ ಯಾರಿಗೂ ಗೊತ್ತಾಗಲ್ಲ."

"ಅವತ್ತು ಶೆಡ್ಡಲ್ಲಿ ನೀನು ಏನು ಹೇಳಿದೆ ಅಂತ ಒಂದ್ಸಲ ಹೇಳು. ನಂಗೊಬ್ಬಳಿಗೆ ಹೇಳು, ಸಾಕು."

"ಯಾವತ್ತು?"

"ಹೀಟರ್ ತೆಗಿ ಅಂದ ದಿನ."

ಲಯಲ್ ಹುಬ್ಬು ಗಂಟಿಕ್ಕಿದ. "ನೀನೇ ಅಲ್ವೇನೇ ಹೇಳಿದ್ದು, ಆರು ಕಿಲೋ ಇಳಿಯುತ್ತೆ ಅಂತ? ಹೋಗ್ಲಿ ಬಿಡು, ನಾನೇನು ನಿನ್ನ ದೂರಿದ್ನಾ?"

ಅವನ ಮುಖದಲ್ಲಿ ಕಪಟವಿರಲಿಲ್ಲ. ಹೇಳಿ ಹೇಳಿ ಅವನಿಗೆ ಅದೇ ನಿಜವಾಗಿಬಿಟ್ಟಿತ್ತು. ಜಗಳ ಆಡೋಣವೆಂದರೂ ಹಿಡಿಯಲು ಏನೂ ಸಿಗಲಿಲ್ಲ.

"ಕಾರು ತೆಗೆದುಕೊಂಡು ಹೋಗು ಲಯಲ್," ಎಂದು ವೆರ್ನಾ ಬಾಗಿಲು ಹಾಕಿಕೊಂಡಳು. ಆ ಕ್ರಿಸ್ಮಸ್ಸಿಗೆ ಅವನು ಕರೆಯಲಿಲ್ಲ, ಅವಳೂ ಹೋಗಲಿಲ್ಲ. ವೃದ್ಧಾಶ್ರಮವೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಹರಿದ ಹೊದಿಕೆಗೆ ತೇಪೆ ಹಾಕುವ ಕೆಲಸಕ್ಕೆ ಸೇರಿದಳು.

ಮಾರ್ಚಿನಲ್ಲಿ ರೇಲೀನ್ ಫೋನು ಮಾಡಿದಳು. ಡೀನ್‌ಗೆ ಬಲಗಾಲೊಂದರಲ್ಲೇ ಓಡಿಸುವಂಥ ಕ್ಲಚ್ಚಿಲ್ಲದ ಕಾರು ಬಂದಿದೆ, ಆದರೆ ಸೀಟು ಒತ್ತಿ ಹತ್ತು ನಿಮಿಷಕ್ಕೆ ಸೊಂಟ ಹಿಡಿಯುತ್ತದೆ. ಎರಡು ಅಂಗಡಿಯವರು ಕೈಯಾಡಿಸಿ ಕೆಡಿಸಿದ್ದಾರೆ. "ನಿನ್ನನ್ನ ಕ್ಷಮಿಸಿ ಕರೀತಿಲ್ಲ, ತಿಳ್ಕೊ. ಕೆಲಸ ಬಲ್ಲವಳು ಅಂತ ಕರೀತಿದೀನಿ."

"ಗೊತ್ತು," ಎಂದಳು ವೆರ್ನಾ.

ಅವರ ಮನೆಯ ಅಂಗಳದ ಬಿಸಿಲಿನಲ್ಲಿ ಕೂತು ಸೀಟು ಬಿಚ್ಚಿ, ಎಡಬದಿಗೆ ಸ್ಪಂಜು ಏರಿಸಿ, ಕೈಯಿಂದಲೇ ಹೊಲಿದಳು. ಜೋಮು ಹಿಡಿದಾಗ ಸೂಜಿ ಬಿಟ್ಟು ಬೆರಳು ಕೊಡವಿಕೊಳ್ಳುತ್ತಿದ್ದಳು. ಡೀನ್ ಊರುಗೋಲಿನಲ್ಲಿ ಬಂದು ಸೀಟಿನ ಮೇಲೆ ಕೂತು ನೋಡಿದ. ಅವಳ ಮುಖ ನೋಡಲಿಲ್ಲ.

"ಎಡಗಡೆ ಇನ್ನೊಂಚೂರು," ಎಂದ.

ಅವಳು ಹೊಲಿಗೆ ಬಿಚ್ಚಿ ಇನ್ನೊಂದು ಪದರ ಇಟ್ಟಳು. ಅವನು ಮತ್ತೆ ಕೂತು, ಸರಿ ಎಂಬಂತೆ ತಲೆಯಾಡಿಸಿ, ಎದ್ದು ಒಳಗೆ ಹೋದ. ಚಹಾಕ್ಕೆ ಯಾರೂ ಕರೆಯಲಿಲ್ಲ. ವೆರ್ನಾ ದಾರದ ತುಂಡುಗಳನ್ನು ಆಯ್ದು ಚೀಲಕ್ಕೆ ಹಾಕಿಕೊಂಡು ಬಸ್ಸಿನ ನಿಲ್ದಾಣಕ್ಕೆ ನಡೆದಳು.