ಕರಿ ಕುರಿಯ ಬಿಳಿ ಮರಿ

ಕುರಿಮರಿಯನ್ನು ಕಂಡು ಚೀರಿದವಳು ಈ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು. ಹಾವು ಕಂಡಾಗಲೂ ಅಷ್ಟು ಜೋರಾಗಿ ಕೂಗಿರಲಿಲ್ಲ. ಆದರೆ ನೀವೇ ಹೇಳಿ: ಕಾಡಿಗೆಯಂಥ ಕುರಿ, ಕಾಡಿಗೆಯಂಥದೇ ಟಗರು, ಬೆಳಗಾಗೆದ್ದು ನೋಡಿದರೆ ಅವುಗಳ ನಡುವೆ ಉಣ್ಣೆಯ ಸುಳಿವೇ ಇಲ್ಲದ ಬೆಳ್ಳನೆಯ ಮರಿ. ಎದೆ ಧಸಕ್ಕೆನ್ನುವುದಿಲ್ಲವೆ?

ಕರಿ ಉಣ್ಣೆಯ ಕುರಿಗಳು ಈಗ ನಮ್ಮ ಕಡೆ ಹುಡುಕಿದರೂ ಸಿಗವು. ಆ ಉಣ್ಣೆ ಮೈಗೆ ಚುಚ್ಚುತ್ತದೆ, ನಿಜ. ಆದರೆ ಅದರ ಕಂಬಳಿ ಹೊದ್ದವರಿಗೆ ಚಳಿ ನಾಟುವುದಿಲ್ಲ. ಹೀಗೆಲ್ಲ ಹೇಳುವ ನಾನು ಹೊದೆಯುವುದು ಸಂತೆಯಲ್ಲಿ ಕೊಂಡ ಹೂವಿನ ಬ್ಲಾಂಕೆಟ್ಟು, ಅದು ಬೇರೆ ಮಾತು. ಮಾಂಸಕ್ಕಾಗಿ ಬೋಳು ಮೈಯ ಬಿಳಿ ಕುರಿಗಳು ಬಂದವು. ಕಂಬಳಿ ನೇಯುವವರ ಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದರು. ಮಡಕಶಿರಾ ಕಡೆಯ ಕುರಿಗಾರನ ಮಗಳಾದ ನಾನೂ ಸೇರಿದೆ. ಅಲ್ಲಿ ಕಾಲರ್ ಹೊಲಿಯುತ್ತ, ಪಕ್ಕದ ಮಿಷಿನ್ನಿನಲ್ಲಿದ್ದ ರಾಯದುರ್ಗದ ತೆಲುಗು ಮನೆಯ ಹುಡುಗನನ್ನು ಮದುವೆಯಾದೆ. "ಕುಲ ಕೆಡಿಸಿದೆ" ಎಂದ ಅಪ್ಪ ಮಾತು ಬಿಟ್ಟ. ಮಗಳು ಹುಟ್ಟಿದಾಗಲೂ ಬರಲಿಲ್ಲ.

ಈಗ ನಾವಿಬ್ಬರೂ ರಾಯದುರ್ಗದಲ್ಲೇ ಜೀನ್ಸ್ ಹೊಲಿಯುತ್ತೇವೆ. ಮನೆಯ ಹಿಂದೆ ಚೂರು ಹೊಲವಿದೆ. ಮಂಡಿನೋವಿಗೆ ಸೋತು ಮಂದೆ ಮಾರಿದ ಅಪ್ಪ, ಎರಡು ಕರಿ ಕುರಿ, ಒಂದು ಟಗರನ್ನು ಮಾತ್ರ ಯಾರಿಗೂ ಕೊಡದೆ ಟೆಂಪೋದಲ್ಲಿ ನನಗೆ ಕಳಿಸಿದ. ಡ್ರೈವರ್ ಕೈಲಿ ಹೇಳಿ ಕಳಿಸಿದ್ದು ಒಂದೇ ಮಾತು: "ತಳಿ ಕೆಡಬಾರದು." ಎಷ್ಟೋ ವರ್ಷಗಳ ಮೇಲೆ ಅಪ್ಪ ನನಗೆ ಹೇಳಿದ ಮಾತದು. ಸಂತೋಷಕ್ಕೆ ಅತ್ತುಬಿಟ್ಟಿದ್ದೆ.

ಅಂಥ ತಳಿ ಕೆಟ್ಟಿತ್ತು. ಜೀನ್ಸ್ ಆರ್ಡರ್ ಜೋರಾಗಿದ್ದಾಗ ಕುರಿಗಳನ್ನು ಪಕ್ಕದ ಹೊಲದವರ ಬೋಳು ಮೈಯ ಮಂದೆಯ ಜೊತೆ ಮೇಯಲು ಬಿಟ್ಟದ್ದರ ಫಲ. "ಮನೇಲೇ ಇಂಥ ಟಗರಿರುವಾಗ ಆ ಬೋಳನ ಹಿಂದೆ ಹೋದ್ಯಾ? ಕುಲ ಕೆಡಿಸಿದ್ಯಲ್ಲೇ!" ಎಂದು ಕುರಿಗೆ ಬೈದೆ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ.

"ಯಾಕೆ ನಗ್ತೀಯಾ?"

"ನಿಮ್ಮಪ್ಪ ಬಂದು ಬೈದಂಗಾತು ನೋಡು."

ಎದೆ ಎರಡನೆಯ ಸಲ ಧಸಕ್ಕೆಂದಿತು.

ನಾನು ಸುದ್ದಿ ಮುಚ್ಚಿಡಬೇಕೆಂದಿದ್ದೆ. ಗಂಡ ನಮ್ಮಪ್ಪನಿಗೇ ಫೋನ್ ಮಾಡಿ ಹೇಳಿಯೇಬಿಟ್ಟ. ಮಾರನೇ ದಿನ ಅಪ್ಪ ಬಸ್ಸಿಳಿದು ಬಂದ. ನನ್ನ ಮುಖವನ್ನೂ ನೋಡದೆ ಮರಿಯನ್ನೆತ್ತಿಕೊಂಡು, ಅದರ ಬಾಯಿಗೆ ಬೆರಳಿಟ್ಟ. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ.

"ಹಾಲು ಕುಡೀತೈತಾ?"

"ಕುಡೀತೈತಪ್ಪ."

"ಹಂಗಾದ್ರೆ ಬೆಳೀತೈತೆ ಬಿಡು. ಮುಂದಿನ ಸಲ ನಮ್ಮ ಟಗರಿನ ಜೊತೇಲೇ ಕಟ್ಟು."

ಆಗ ನನ್ನ ಸೆರಗಿನ ಹಿಂದಿನಿಂದ ಮಗಳು ಇಣುಕಿದಳು. ಅವಳ ಮುಖದ ಮೇಲೆ ತನ್ನದೇ ಮೊಂಡು ಮೂಗು ಕಂಡ ಅಪ್ಪ ಬೆಚ್ಚಿಬಿದ್ದ. ಮರಿಯನ್ನು ನನ್ನ ಕೈಗಿತ್ತು ಅಲ್ಲೇ ನೆಲದ ಮೇಲೆ ಕೂತ. ಅವನೆದೆಯೂ ಧಸಕ್ಕೆಂದಿರಬೇಕು.

"ಮೂಗು ನಮ್ದೇ," ಎಂದ, ಕೈ ಚಾಚುತ್ತ.