ಉಮ್ ಇಲ್ಯಾಸರ ಎರಡು ಚೀಟಿಗಳು

ಬೇಯಿಸಿದ ಗೋಧಿಗೆ ಸಕ್ಕರೆ, ಸೋಂಪಿನ ಪುಡಿ ಬೆರೆಸಿದರೆ ಒಂದು ವಾಸನೆ ಬರುತ್ತದೆ. ಅದು ಪಾಯಸದ್ದೂ ಅಲ್ಲ, ಔಷಧಿಯದ್ದೂ ಅಲ್ಲ. ಮೊನ್ನೆ ಕುವೈತಿನ ಜಾಬ್ರಿಯಾದ ನಮ್ಮ ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಾ ಕೂತಿದ್ದೆ. ಹೊಸದಾಗಿ ಬಂದ ಸಿರಿಯಾದ ನರ್ಸು ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟು, "ತೀರಿಹೋದ ನಮ್ಮ ಅಮ್ಮನ ಹೆಸರಲ್ಲಿ ಮಾಡಿದ್ದು, ಒಂದು ಚಮಚ ತಿನ್ನಿ" ಎಂದಳು. ಮುಚ್ಚಳ ತೆಗೆದದ್ದೇ ತಡ, ಮೂವತ್ತೈದು ವರ್ಷದ ಹಿಂದಿನ ಮೈದಾನ್ ಹವಲ್ಲಿಯ ಆ ಮೂರನೇ ಮಹಡಿ, ಎದುರುಬದುರಿನ ಆ ಎರಡು ಬಾಗಿಲುಗಳು, ಮೆಟ್ಟಿಲ ಮೇಲೆ ಒಣಗಲು ಇಟ್ಟ ಪುದೀನ ಎಲ್ಲವೂ ಕಣ್ಣೆದುರು ಬಂದು ನಿಂತವು. ನಾನು ಆ ಗೋಧಿಯನ್ನು ತಿನ್ನಲಿಲ್ಲ. ಹೊಟ್ಟೆ ಸರಿಯಿಲ್ಲವೆಂದು ಹೇಳಿ ಬಚಾವಾದೆ.

ಒಂದು ಬಾಗಿಲು ನಮ್ಮದು. ಅಪ್ಪ ಒಂದು ಕಂಪನಿಯಲ್ಲಿ ಟೈಪಿಸ್ಟ್, ಅಮ್ಮ, ನಾನು, ತಮ್ಮ. ಮನೆಯೊಳಗೆ ತುಳು, ಊರಿಗೆ ಬರೆಯುವ ಪತ್ರ ಕನ್ನಡದಲ್ಲಿ, ಬಾಗಿಲು ದಾಟಿದರೆ ಬಾಯಿಗೆ ಬಂದದ್ದು. ಇನ್ನೊಂದು ಬಾಗಿಲು ಉಮ್ ಇಲ್ಯಾಸರದ್ದು, ಅಂದರೆ ಇಲ್ಯಾಸನ ಅಮ್ಮನದ್ದು. ಅವರು ಲಿದ್ದ್ ಎಂಬ ಊರಿನ ಪ್ಯಾಲೆಸ್ತೀನಿ ಕ್ರೈಸ್ತರು. ಗಂಡ ತೀರಿದ್ದರು, ಮಗ ಇಲ್ಯಾಸ್ ಶಾಲೆಯಲ್ಲಿ ಗಣಿತದ ಮೇಷ್ಟ್ರು. ನಾನು ಅವರನ್ನು ಖಾಲ್ತಿ, ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಅವರ ಮನೆಯ ಸೋಫಾದ ಹಿಂದೆ ಒಂದು ಸಂದಿ ಇತ್ತು, ಮಧ್ಯಾಹ್ನ ಎಸಿಯ ತಂಪು ಗಾಳಿ ನೇರ ಅಲ್ಲಿಗೇ ಬೀಳುತ್ತಿತ್ತು. ನನ್ನ ಅರ್ಧ ಬಾಲ್ಯ ಕಳೆದದ್ದು ಆ ಸಂದಿಯಲ್ಲಿ, ಅವರು ಸುರಿದುಕೊಟ್ಟ ಹುರಿದ ಕುಂಬಳಬೀಜ ಸುಲಿಯುತ್ತಾ. "ಆ ಹುಡುಗಿ ಎದುರಿನ ಮನೆಯವರದ್ದಾ, ನಮ್ಮದಾ?" ಎಂದು ಅಪ್ಪ ಅಮ್ಮನನ್ನು ಕೇಳುತ್ತಿದ್ದರಂತೆ.

ಖಾಲ್ತಿಗೆ ಓದುಬರಹ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಅದೇ ಎಲ್ಲದಕ್ಕೂ ಮೂಲ. ಇಂಡಿಯನ್ ಶಾಲೆಯಲ್ಲಿ ಅರಬ್ಬಿ ಕಡ್ಡಾಯವಿತ್ತು. ನನ್ನ ಅಕ್ಷರ ಮುದ್ದಾಗಿದೆಯೆಂದು ಟೀಚರು ಹೊಗಳುತ್ತಿದ್ದರು, ನಾನೂ ಕೊಂಚ ಮೆರೆಯುತ್ತಿದ್ದೆ. ಪ್ರತಿ ವರ್ಷ ಈಸ್ಟರಿನ ದೊಡ್ಡ ಉಪವಾಸಕ್ಕೆ ಮುಂಚೆ ಅವರ ಚರ್ಚಿನಲ್ಲಿ ತೀರಿಹೋದವರ ಹೆಸರು ಓದುವ ದಿನವೊಂದಿತ್ತು. ಮನೆಯವರು ಗೋಧಿ ಬೇಯಿಸಿ ಒಯ್ಯಬೇಕು, ಜೊತೆಗೆ ಎರಡು ಚೀಟಿ ಕೊಡಬೇಕು: ಒಂದು ಬದುಕಿದ್ದವರದ್ದು, ಒಂದು ಸತ್ತವರದ್ದು. ಮೊದಲನೆಯದನ್ನು ಪಾದ್ರಿ ಬಲಿಪೀಠದ ಬಳಿ ಮೆಲ್ಲಗೆ ತಾವೇ ಓದಿಕೊಳ್ಳುತ್ತಿದ್ದರು. ಎರಡನೆಯದನ್ನು ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಅಮ್ಮನಿಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. "ನಮ್ಮಲ್ಲಿ ಹಿರಿಯರಿಗೆ ಎಲೆ ಹಾಕಿ ಬಡಿಸುದಿಲ್ವಾ, ಹಾಗೇ ಇದು. ಬರ್ದು ಕೊಡು ಹೋಗು" ಎಂದು ಕಳಿಸುತ್ತಿದ್ದಳು.

ಮಗ ಮೇಷ್ಟ್ರಾಗಿರುವಾಗ ನಾನೇಕೆ ಬರೆಯಬೇಕಿತ್ತು? ಮಿಖಾಯಿಲನ ದೆಸೆಯಿಂದ. ಮಿಖಾಯಿಲ್ ಖಾಲ್ತಿಯ ಅಣ್ಣ. 1948ರಲ್ಲಿ ಸೈನಿಕರು ಬಂದು ಅವರ ಊರನ್ನು ಖಾಲಿ ಮಾಡಿಸಿದ ಬೇಸಿಗೆಯಲ್ಲಿ ಸಾವಿರಾರು ಜನ ಸುಡುಬಿಸಿಲಲ್ಲಿ ಗುಡ್ಡದ ದಾರಿ ಹಿಡಿದು ನಡೆದರಂತೆ. ಹದಿನೈದರ ಖಾಲ್ತಿ ನೀರು ನೀರು ಎಂದು ಕೂತುಬಿಟ್ಟಳು. ಅಣ್ಣ, "ಹಿಂದೆ ಒಂದು ಬಾವಿ ಬಿಟ್ಟು ಬಂದೆವಲ್ಲ, ತರುತ್ತೇನೆ, ಇಲ್ಲೇ ಇರು" ಎಂದು ತಿರುಗಿ ಹೋದ. ಅವನಿಗೆ ಹತ್ತೊಂಬತ್ತು. ಮತ್ತೆ ಬರಲಿಲ್ಲ. ಸತ್ತನೆಂದು ಯಾರೂ ಹೇಳಲಿಲ್ಲ, ಹೆಣ ಯಾರೂ ನೋಡಲಿಲ್ಲ. ಹಾಗಾಗಿ ನಲವತ್ತಕ್ಕೂ ಹೆಚ್ಚು ವರ್ಷ, ರಾಮಲ್ಲಾದಲ್ಲಿ, ಅಮ್ಮಾನಿನಲ್ಲಿ, ಆಮೇಲೆ ಕುವೈತಿನಲ್ಲಿ, ಖಾಲ್ತಿ ಅವನ ಹೆಸರನ್ನು ಬದುಕಿದ್ದವರ ಚೀಟಿಯಲ್ಲೇ ಬರೆಸುತ್ತಾ ಬಂದರು. ಇಲ್ಯಾಸ್ ಜಗಳವಾಡುತ್ತಿದ್ದ. "ಯಮ್ಮಾ, ಖಲಾಸ್! ಬಿಟ್ಟುಬಿಡು ಅವರನ್ನು" ಎನ್ನುತ್ತಿದ್ದ. ಅವನ ಕೈಯಲ್ಲಿ ಬರೆಸಿದರೆ ಎಲ್ಲಿ ಬರೆಯುತ್ತಾನೋ ಎಂಬ ಭಯಕ್ಕೆ ಅವರು ಎದುರು ಮನೆಯ ಹಿಂದೂ ಹುಡುಗಿಯ ಹತ್ತಿರ ಬಂದರು. ನಾನು ವಾದ ಮಾಡುವವಳಲ್ಲವಲ್ಲ.

ಮೂರು ವರ್ಷ ಸರಿಯಾಗಿಯೇ ಬರೆದೆ. ನಾಲ್ಕನೆಯ ವರ್ಷ ನನಗೆ ಹನ್ನೊಂದು. ಅವತ್ತು ಕೆಳಗಿನ ಮಹಡಿಯಲ್ಲಿ ಗೆಳತಿಯ ಹುಟ್ಟುಹಬ್ಬ. ಟೇಪ್ ರೆಕಾರ್ಡರಿನ ಹಾಡು ಮೇಲಿನವರೆಗೆ ಕೇಳುತ್ತಿತ್ತು, ನಾನು ಹೊಸ ಫ್ರಾಕು ಹಾಕಿಕೊಂಡೇ ಬರೆಯಲು ಕೂತಿದ್ದೆ. ಖಾಲ್ತಿ ಮನೆ ಮನೆ ನೆನೆದು ಹೇಳುತ್ತಿದ್ದರು, ಸತ್ತವರನ್ನೂ ಇದ್ದವರನ್ನೂ ಒಟ್ಟಿಗೇ, ಇವಳು ಈ ಕಡೆ, ಅವನು ಆ ಕಡೆ ಎಂದು ಕೈ ತೋರಿಸುತ್ತಾ. ಕೊನೆಗೆ ಎಂದಿನಂತೆ, "ಮಿಖಾಯಿಲ್, ಬದುಕಿದ್ದವರ ಕಡೆ" ಎಂದರು. ನನ್ನ ಜೀವವೆಲ್ಲ ಕೆಳಗಿನ ಕೇಕಿನ ಮೇಲಿತ್ತು. ತೊಡೆಯ ಮೇಲೆ ಯಾವ ಚೀಟಿ ಮೇಲಿತ್ತೋ ಅದರಲ್ಲಿ ಬರೆದೆ, ಎರಡನ್ನೂ ಮಡಚಿ ಕೊಟ್ಟೆ, ಓಡಿದೆ.

ಆ ವರ್ಷ ನನ್ನನ್ನೂ ಚರ್ಚಿಗೆ ಕರೆದುಕೊಂಡು ಹೋಗಿದ್ದರು. ಒಂದು ಹಳೆಯ ವಿಲ್ಲಾದ ಹಜಾರವೇ ಚರ್ಚು. ಮೇಜಿನ ತುಂಬ ಗೋಧಿಯ ತಟ್ಟೆಗಳು, ಪ್ರತಿ ತಟ್ಟೆಯ ನಡುವೆ ಒಂದು ಮೇಣದ ಬತ್ತಿ. ಪಾದ್ರಿ ಸತ್ತವರ ಹೆಸರು ಓದುತ್ತಾ ಹೋದರು. ಖಾಲ್ತಿ ಒಂದೊಂದು ಹೆಸರಿಗೂ ತುಟಿಯಾಡಿಸುತ್ತಿದ್ದರು. ಕೊನೆಯಲ್ಲಿ ಪಾದ್ರಿ "ಮಿಖಾಯಿಲ್" ಎಂದರು. ಅಯ್ಯೋ ದೇವರೇ! ನನಗೆ ಆಗಲೇ ಗೊತ್ತಾಯಿತು. ಖಾಲ್ತಿ ಕೂಗಲಿಲ್ಲ. ನನ್ನ ಕೈ ಹಿಡಿದು ಎದ್ದು ಹೊರಟರು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು, ನನ್ನ ಗಲ್ಲ ಹಿಡಿದು, ಬಹಳ ಮೆತ್ತಗೆ ಕೇಳಿದರು: "ಹಬೀಬ್ತಿ, ನನ್ನ ಕಂದಾ, ಹಾಗೆ ಬರೆಯಲು ನಿನಗೆ ಯಾರು ಹೇಳಿದರು? ಇಲ್ಯಾಸಾ?"

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಒಂದು ಏಟು ಕೊಡುತ್ತಿದ್ದರೋ ಏನೋ, ಅಷ್ಟೇ. ನನಗೆ ಏಟಿಗಿಂತ ನನ್ನ ಮುದ್ದಾದ ಅಕ್ಷರದ ಮರ್ಯಾದೆ ದೊಡ್ಡದಾಗಿತ್ತು. "ನೀವೇ ಹೇಳಿದ್ದಲ್ಲವಾ ಖಾಲ್ತಿ, ಸತ್ತವರ ಕಡೆ ಅಂತ" ಎಂದೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. ಅವರು ನಂಬಿದರು. ಮಗುವೊಂದು ಯಾಕೆ ಸುಳ್ಳು ಹೇಳುತ್ತದೆ?

ಮಾರನೆಯ ದಿನ ಅವರ ಹೂವಿನ ತಲೆವಸ್ತ್ರ ಹೋಗಿ ಕಪ್ಪು ಬಂತು. ಮೂರು ದಿನ ಬಾಗಿಲು ತೆರೆದೇ ಇತ್ತು; ಬಾಡಿಗೆಯ ಕುರ್ಚಿಗಳು ನಮ್ಮ ಹೊಸ್ತಿಲವರೆಗೂ ಬಂದವು; ಸಕ್ಕರೆಯಿಲ್ಲದ ಕಾಫಿ ಹಂಚಿದರು. ಲಿದ್ದಿನವರೆಲ್ಲ ಬಂದು, ನಲವತ್ತು ವರ್ಷ ತಡವಾಗಿ, ಸಂತಾಪ ಹೇಳಿದರು. ಇಲ್ಯಾಸ್ ತನ್ನ ಅಮ್ಮನ ನೆತ್ತಿಗೆ ಮುತ್ತಿಟ್ಟು, "ಒಳ್ಳೆಯದಾಯಿತು ಯಮ್ಮಾ" ಎನ್ನುವುದನ್ನು ನೋಡಿದೆ. ನಮ್ಮ ಅಮ್ಮ ನನ್ನನ್ನು ತಳ್ಳಿದಳು: "ಹೋಗಿ ಹತ್ರ ಕೂತ್ಕೊ ಮಾರಾಯ್ತಿ, ನಿನ್ನನ್ನು ಕಂಡ್ರೆ ಅವರಿಗೆ ಜೀವ." ಹೋಗಿ ಕೂತೆ. ಖಾಲ್ತಿ ನನ್ನ ತಲೆ ಸವರುತ್ತಾ, ನನಗೆಂದೂ ಅಲ್ಲ, ಅಲ್ಲಿದ್ದವರಿಗೆಂದೂ ಅಲ್ಲ, ಹೇಳಿದರು: "ಅವನನ್ನು ನೀರಿಗೆ ಕಳಿಸಿದ್ದೂ ಇದೇ ಬಾಯಿ. ಬಿಟ್ಟುಕೊಟ್ಟದ್ದೂ ಇದೇ ಬಾಯಿ. ನನಗೆ ಗೊತ್ತೇ ಆಗಲಿಲ್ಲ ನೋಡಿ, ಯಾವಾಗ ಹೇಳಿದೆ ಅಂತ."

ಅದೇ ವರ್ಷ ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ಕೆಲವು ವಾರಗಳ ನಂತರ ನಾವು ಬಸ್ಸು ಹಿಡಿದು ಜೋರ್ಡಾನಿನ ದಾರಿಯಲ್ಲಿ ಹೊರಟೆವು. ಖಾಲ್ತಿ ಕೆಳಗಿಳಿದು ಬಂದು ರೊಟ್ಟಿಯ ಗಂಟು, ದೊಡ್ಡ ಕ್ಯಾನಿನಲ್ಲಿ ನೀರು ಕೊಟ್ಟರು. "ದಾರಿಯಲ್ಲಿ ಯಾರೂ ಇಳಿಯಬೇಡಿ" ಎಂದು ಅಪ್ಪನಿಗೆ ಮೂರು ಸಲ ಹೇಳಿದರು. ನಮ್ಮ ನಾಲ್ವರ ಹೆಸರನ್ನೂ ಬದುಕಿದ್ದವರ ಚೀಟಿಗೆ ಸೇರಿಸುವುದಾಗಿಯೂ, ಇನ್ನು ಇಲ್ಯಾಸನೇ ಬರೆಯುವುದರಿಂದ ತಮ್ಮ ಬಾಯಿ ತಪ್ಪಿದರೂ ಚೀಟಿ ತಪ್ಪಾಗದೆಂದೂ ಹೇಳಿದರು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಳು ಬಂತು. ಹೋಗುವ ಸಂಕಟಕ್ಕೆ ಅಳುತ್ತಿದ್ದಾಳೆಂದು ಎಲ್ಲರೂ ಸಮಾಧಾನ ಮಾಡಿದರು.

ಎರಡು ವರ್ಷದ ಮೇಲೆ ಮರಳಿದಾಗ ಆ ಬಾಗಿಲಿನಲ್ಲಿ ಬೇರೆಯವರಿದ್ದರು. ಯುದ್ಧದ ನಂತರ, ಇರಾಕಿನ ಪರ ನಿಂತರೆಂಬ ಸಿಟ್ಟಿಗೆ, ಪ್ಯಾಲೆಸ್ತೀನಿಯರು ಕುವೈತ್ ಬಿಡಬೇಕಾಯಿತು. ಹವಲ್ಲಿಯ ಬೀದಿಗೆ ಬೀದಿಯೇ ಎದ್ದುಹೋಗಿತ್ತು. ಖಾಲ್ತಿಯ ಮನೆಯವರು ಅಮ್ಮಾನಿಗೆ ಹೋದರೆಂದು ಒಬ್ಬರು, ಕೆನಡಾಕ್ಕೆಂದು ಇನ್ನೊಬ್ಬರು. ಬಂದ ಪತ್ರವಿಲ್ಲ, ಸಿಕ್ಕ ವಿಳಾಸವಿಲ್ಲ. ಈಗ ಆ ಕಟ್ಟಡವೂ ಇಲ್ಲ. ದೊಡ್ಡವಳಾದ ಮೇಲೆ ಒಮ್ಮೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು, "ಹೋಗ್ಲಿ ಬಿಡು. ನಿನ್ನಿಂದಾಗಿಯಾದ್ರೂ ಆ ಹೆಂಗಸು ಒಮ್ಮೆ ಕೂತು ಅತ್ತರಲ್ಲ" ಎಂದಳು. ಸಮಾಧಾನಕ್ಕೆ ಒಳ್ಳೆಯ ಮಾತು. ನಾನೂ ಕೆಲವು ವರ್ಷ ಅದನ್ನೇ ನಂಬಿ ನೋಡಿದೆ. ಆದರೆ ಅವರು ಅತ್ತದ್ದು ಅಣ್ಣನಿಗಾಗಿ ಮಾತ್ರ ಅಲ್ಲ, ತಮ್ಮ ಬಾಯಿ ಅವನಿಗೆ ಎರಡನೇ ಸಲ ದ್ರೋಹ ಮಾಡಿತೆಂದು. ಆ ಭಾರವನ್ನು ಅವರ ಮೇಲೆ ಹೊರಿಸಿದವಳು ನಾನು.

ಅವರಿದ್ದರೆ ಈಗ ತೊಂಬತ್ತು ದಾಟಿರಬೇಕು. ಅವರ ಮನೆಯಲ್ಲಿ ಯಾರಿಗೂ ಕನ್ನಡ ಓದಲು ಬಾರದು, ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಖಾಲ್ತಿ, ನೀವು ಹಾಗೆ ಹೇಳಿರಲಿಲ್ಲ. ಆವತ್ತೂ ನೀವು ಅವನನ್ನು ಬದುಕಿದ್ದವರ ಕಡೆಗೇ ಬರೆಯಲು ಹೇಳಿದ್ದಿರಿ.